ಮಾತ್‌ಮ್ಯಾನ್ ಊರಿಗೆ ಹೋದರೆ ಗೋಡೆಯ ಆ ಕಡೆಗೂ ಹೋಗಿ

ಪಾಯಿಂಟ್ ಪ್ಲೆಸೆಂಟ್‌ಗೆ ಬಂದವರಲ್ಲಿ ತುಂಬಾ ಜನ ಮಾತ್‌ಮ್ಯಾನ್ ಎಂಬ ರೆಕ್ಕೆಯ ಭೂತದ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಮೊದಲ ಸಲ ನಾವೂ ಹಾಗೇ ಬಂದುಬಿಟ್ಟೆವು. ಎರಡನೇ ಸಲ ಇಡೀ ದಿನ ಇಟ್ಟುಕೊಂಡು ಹೋದೆವು. ಆಗಲೇ ಊರೂ, ನದಿ ದಡದ ಚಿತ್ರಗಳ ಗೋಡೆಯೂ ನಿಜವಾಗಿ ಕಂಡಿದ್ದು.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ, ಕನಾವಾ ನದಿ ಒಹಾಯೋ ನದಿಯನ್ನು ಸೇರುವ ಜಾಗದಲ್ಲಿ ಈ ಪುಟ್ಟ ಊರಿದೆ. ಕೊಲಂಬಸ್‌ನಿಂದ ಸುಮಾರು ಎರಡು ಗಂಟೆ, ಚಾರ್ಲ್ಸ್‌ಟನ್‌ನಿಂದ ಒಂದು ಗಂಟೆ. ಸ್ವಂತ ಕಾರು ಅಥವಾ ಬಾಡಿಗೆ ಕಾರು ಬೇಕೇ ಬೇಕು.

1966ರ ನವೆಂಬರ್ 15ರ ರಾತ್ರಿ ಎರಡು ಯುವ ಜೋಡಿಗಳು ಊರಾಚೆ ಕಾರಿನಲ್ಲಿ ಹೋಗುವಾಗ ಕೆಂಪು ಕಣ್ಣಿನ, ದೊಡ್ಡ ರೆಕ್ಕೆಯ ಆಕೃತಿಯೊಂದನ್ನು ಕಂಡೆವು ಅಂದರು. ಆಮೇಲೆ ಇನ್ನೂ ಹಲವರು ಹಾಗೇ ಹೇಳಿದರು. ಅದಕ್ಕೇ ಮಾತ್‌ಮ್ಯಾನ್ ಅಂತ ಹೆಸರು ಬಿತ್ತು. ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ದಿನಗಳು ನೆನಪಿದ್ದವರಿಗೆ, ಭಯ ಒಂದು ಊರನ್ನು ಹೇಗೆ ಸುತ್ತುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಪ್ರತಿಮೆ ಇರುವುದು ಮೇನ್ ಸ್ಟ್ರೀಟ್‌ನಲ್ಲಿ. 12 ಅಡಿ ಎತ್ತರ, ಸ್ಟೇನ್‌ಲೆಸ್ ಸ್ಟೀಲಿನದು, ನಿಲ್ಲಿಸಿದ್ದು 2003ರಲ್ಲಿ. ಮಾತ್‌ಮ್ಯಾನ್ ಮ್ಯೂಸಿಯಂ ಪಕ್ಕದಲ್ಲೇ ಇದೆ, ಒಂದು ಗಂಟೆ ಸಾಕು.

ಅಲ್ಲಿಂದ ಹಾಗೇ ನಡೆದು 6ನೇ ಬೀದಿಯ ಸೇತುವೆ ಸ್ಮಾರಕಕ್ಕೆ ಹೋಗಿ. 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ತುಂಬಿದ್ದ ಹೊತ್ತಿನಲ್ಲಿ ಇಲ್ಲಿ ಒಹಾಯೋ ನದಿಗೆ ಕಟ್ಟಿದ್ದ ಸಿಲ್ವರ್ ಬ್ರಿಡ್ಜ್ ಎಂಬ ಸೇತುವೆ ಕುಸಿದು 46 ಜನ ಸತ್ತರು. ಕಾರಣ, ಒಂದು ಉಕ್ಕಿನ ಪಟ್ಟಿಯಲ್ಲಿದ್ದ ಸಣ್ಣ ಬಿರುಕು. ಆಳ ಬರೀ 2.5 ಮಿಲಿಮೀಟರಿನಷ್ಟು. ಮಾತ್‌ಮ್ಯಾನ್ ಬಂದದ್ದು ಇದರ ಮುನ್ಸೂಚನೆ ಕೊಡೋದಕ್ಕೆ ಅಂತ ಕಥೆ ಬೆಳೆಯಿತು. ಸ್ಮಾರಕದ ಇಟ್ಟಿಗೆಗಳ ಮೇಲೆ ಸತ್ತವರ ಹೆಸರುಗಳಿವೆ. ಒಂದೇ ಮನೆತನದ ಹೆಸರು ಎರಡೆರಡು ಕಡೆ ಕಂಡಾಗ ನನ್ನ ಮಗಳು ಓದುವುದನ್ನೇ ನಿಲ್ಲಿಸಿಬಿಟ್ಟಳು. ಇಲ್ಲಿ ಸೆಲ್ಫಿ ಬೇಡ, ದಯವಿಟ್ಟು.

ಮಧ್ಯಾಹ್ನಕ್ಕೆ ಮೊದಲು ಟಿಎನ್‌ಟಿ ಏರಿಯಾ ನೋಡಿ ಬನ್ನಿ. ಆ ಜೋಡಿಗಳು ಹೆದರಿದ ಜಾಗ ಇದೇ. ಊರಿಂದ ಉತ್ತರಕ್ಕೆ ಕೆಲವೇ ಮೈಲಿ, ಈಗಿನ ಹೆಸರು ಮ್ಯಾಕ್ಲಿಂಟಿಕ್ ವನ್ಯಜೀವಿ ಪ್ರದೇಶ. ಎರಡನೇ ಮಹಾಯುದ್ಧದ ಕಾಲದಲ್ಲಿ ಟಿಎನ್‌ಟಿ ಎಂಬ ಸ್ಫೋಟಕ ಇಡಲು ಕಟ್ಟಿದ ಕಾಂಕ್ರೀಟ್ ಗುಮ್ಮಟಗಳು ಮಣ್ಣು, ಹುಲ್ಲು ಹೊದ್ದುಕೊಂಡು ಕೂತಿವೆ. ತೆರೆದಿರುವ ಗುಮ್ಮಟದೊಳಗೆ ಬಂದವರೆಲ್ಲ ಸ್ಪ್ರೇ ಬಣ್ಣದಲ್ಲಿ ಬರೆದು ಹೋಗಿದ್ದಾರೆ. ಒಂದು ಚಪ್ಪಾಳೆ ತಟ್ಟಿದರೆ ಸದ್ದು ಗುಂಯ್ ಅಂತ ಸುತ್ತುತ್ತಲೇ ಇರುತ್ತದೆ. ಟಾರ್ಚ್ ಬೇಕು, ಮೊಬೈಲ್ ಬೆಳಕು ಸಾಲದು. ಬೀಗ ಹಾಕಿದ ಕಡೆ, ಬೇಲಿ ಇರುವ ಕಡೆ ನುಗ್ಗಬೇಡಿ. 2010ರಲ್ಲಿ ಇಂಥದ್ದೇ ಒಂದು ಗುಮ್ಮಟ ಸ್ಫೋಟಗೊಂಡಿತ್ತು. ಬೇಟೆಯ ಕಾಲವಾದರೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ.

ಗೋಡೆಯನ್ನು ಬೇಕಂತಲೇ ಕೊನೆಗೆ ಇಟ್ಟುಕೊಳ್ಳಿ. ಊರಿಗೆ ನೆರೆ ನುಗ್ಗದಿರಲಿ ಅಂತ ಒಹಾಯೋ ದಡದಲ್ಲಿ ಕಟ್ಟಿದ ತಡೆಗೋಡೆ ಇದು. ನದಿಯ ಕಡೆಗೆ ದಾಟಿದರೆ ಅದರ ತುಂಬ ರಾಬರ್ಟ್ ಡ್ಯಾಫರ್ಡ್ ಬಿಡಿಸಿದ ದೊಡ್ಡ ದೊಡ್ಡ ಚಿತ್ರಗಳು. ಅಲ್ಲಿ ಮಾತ್‌ಮ್ಯಾನ್ ಹುಡುಕಬೇಡಿ. ಅಲ್ಲಿರುವುದು ಮೂಲನಿವಾಸಿಗಳ ಬದುಕು, 1774ರ ಅಕ್ಟೋಬರ್ 10ರ ಕಾಳಗ. ಶಾನೀ ಜನರ ನಾಯಕ ಕಾರ್ನ್‌ಸ್ಟಾಕ್ ಬಿಳಿಯರ ಸೈನ್ಯದ ವಿರುದ್ಧ ಆ ಕಾಳಗ ನಡೆಸಿದವನು. 1777ರಲ್ಲಿ ಶಾಂತಿಯಿಂದ ಬಂದಿದ್ದ ಅವನನ್ನು ಇದೇ ಊರಿನ ಕೋಟೆಯಲ್ಲಿ ಆ ಸೈನಿಕರು ಕೊಂದರು. ಸಾಯುವಾಗ ಅವನು ಈ ನೆಲಕ್ಕೆ ಶಾಪ ಹಾಕಿದ ಅಂತ ಜನ ಹೇಳುತ್ತಾರೆ. ಸೇತುವೆಯನ್ನೂ ರೆಕ್ಕೆಯ ಭೂತವನ್ನೂ ಆ ಶಾಪಕ್ಕೇ ಗಂಟು ಹಾಕುತ್ತಾರೆ. ಶಾಪವನ್ನು ನಾನು ನಂಬುವುದಿಲ್ಲ. ಆದರೆ ಅವನಿಗೆ ಆದದ್ದು ಅನ್ಯಾಯ, ಅದನ್ನು ಊರು ಮರೆಯದೆ ಉಳಿಸಿಕೊಂಡಿದ್ದು ಈ ಕಥೆಯಿಂದಲೇ ಅನಿಸುತ್ತದೆ. ಅವನ ಸಮಾಧಿ ನದಿಗಳು ಸೇರುವ ಕಡೆಯ ಟು-ಎಂಡೀ-ವೇ ಪಾರ್ಕಿನಲ್ಲಿದೆ. ಗೋಡೆಯಿಂದ ನಡೆದೇ ಹೋಗಬಹುದು.

ಸೆಪ್ಟೆಂಬರ್ ಮೂರನೇ ವಾರಾಂತ್ಯಕ್ಕೆ ಮಾತ್‌ಮ್ಯಾನ್ ಹಬ್ಬ. ಜನಜಾತ್ರೆ ಇಷ್ಟವಿದ್ದರೆ ಆಗ ಹೋಗಿ, ರೂಮು ಮಾತ್ರ ತಿಂಗಳುಗಳ ಮುಂಚೆ ಹಿಡಿಯಿರಿ. ನದಿಯಾಚೆಯ ಗ್ಯಾಲಿಪೊಲಿಸ್‌ನಲ್ಲೂ ವಿಚಾರಿಸಿ. ಚಿತ್ರ ನೋಡುವುದೇ ಮುಖ್ಯ ಅಂದರೆ ಬೇರೆ ವಾರ ಒಳ್ಳೆಯದು.

ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಸಂಜೆ ಹೋಗಿ. ನಾವು ಹೋದಾಗ ಕಲ್ಲಿದ್ದಲಿನ ದೋಣಿಸಾಲೊಂದು ನಿಧಾನಕ್ಕೆ ಸಾಗುತ್ತಿತ್ತು. ಬಿಸಿಲು ನೀರಿಗೆ ಬಿದ್ದು, ನೀರಿನಿಂದ ಗೋಡೆಗೆ ಎದ್ದು, ಕಾರ್ನ್‌ಸ್ಟಾಕ್‌ನ ಜನರ ಮೇಲೆಲ್ಲ ಅಲುಗಾಡುತ್ತಿತ್ತು.