ಮಾತ್ರೆ ಬಗ್ಗೆ ಕೇಳಿದರು, ಚಿತ್ತಾರದ ಬಗ್ಗೆ ಕೇಳಲಿಲ್ಲ

ನಾನು ಶಿವಮೊಗ್ಗದ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವ ಕಲಾವಿದರ ಚಿತ್ರಗಳನ್ನು ಆನ್‌ಲೈನ್ ಪ್ರದರ್ಶನಕ್ಕೆ ಹಾಕುವುದು ನನ್ನ ಪಾಲಿನ ಕೆಲಸ. ಫೋಟೊ ತೆಗೆಯೋದು, ಚಿತ್ರದ ಕೆಳಗೆ ನಾಲ್ಕು ಸಾಲು ಬರೆಯೋದು, ಮಾರಾಟವಾದರೆ ದುಡ್ಡು ಅವರ ಖಾತೆಗೆ ಹೋಯಿತಾ ನೋಡೋದು. ಆನ್‌ಲೈನೇ ಯಾಕೆ ಅಂದರೆ, ಮಳೆಗಾಲದಲ್ಲಿ ಹೊಸನಗರದ ಒಳಗಿನ ಹಳ್ಳಿಯಿಂದ ಇಲ್ಲಿಗೆ ಬಂದು ಹೋಗೋದೇ ಒಂದು ದಿನದ ಕೆಲಸ. ಬಂದರೂ, ತುಂಬಿದ ಹಾಲ್‌ನಲ್ಲಿ ಗುರುತಿಲ್ಲದವರ ಎದುರು ನಗುತ್ತಾ ನಿಲ್ಲಬೇಕು. ಎಲ್ಲರಿಗೂ ಆಗಲ್ಲ ಅದು. ನನಗೇ ಆಗಲ್ಲ, ಬಿಡಿ.

ಮೊದಲ ಪ್ರದರ್ಶನದಲ್ಲಿ ಸಾಗರದ ಕಡೆಯ ಒಬ್ಬ ಅಕ್ಕನ ಹಸೆ ಚಿತ್ತಾರ ಇತ್ತು. ದೀವರ ಸಮುದಾಯದ ಮನೆಗಳ ಗೋಡೆ ಮೇಲೆ ಮದುವೆಗೆ ಬರೆಯುತ್ತಾರಲ್ಲ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿ ಮೇಲೆ ಬರೆಯುತ್ತಾರಲ್ಲ, ಅದೇ. ಅಕ್ಕ ಹಲಗೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆದಿದ್ದರು. ಕೂದಲಿನಷ್ಟು ಸಣ್ಣ ಎಳೆಗಳು. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ.

ನಾನು ಅದರ ಕೆಳಗೆ ಏನು ಬರೆದೆ ಗೊತ್ತಾ? ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ ಇದೆ, ಎಷ್ಟು ಧೈರ್ಯವಾಗಿ ಹೋರಾಡುತ್ತಿದ್ದಾರೆ ಅನ್ನೋದು. ಚಿತ್ತಾರದ ಬಗ್ಗೆ ಅರ್ಧ ಸಾಲು. ಬರೆದು ಖುಷಿಯಾಗಿತ್ತು ಬೇರೆ.

ಮೂರನೇ ದಿನ ಅಕ್ಕ ಫೋನ್ ಮಾಡಿದರು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗಲ್ಲ, ಗುಡ್ಡ ಹತ್ತಬೇಕು. ಅಂದರೆ ಮಳೆಯಲ್ಲಿ ಗುಡ್ಡ ಹತ್ತಿ ಬಂದಿದ್ದಾರೆ. "ತಮ್ಮಾ, ಲಿಂಕು ನಮ್ಮೂರ ಗ್ರೂಪಿಗೆಲ್ಲ ಬಂದಿದೆ. ಎಲ್ಲರೂ ಮಾತ್ರೆ ಬಗ್ಗೆ ಕೇಳ್ತಾರೆ. ಚಿತ್ತಾರದ ಬಗ್ಗೆ ಒಬ್ಬರೂ ಒಂದು ಮಾತು ಆಡ್ಲಿಲ್ಲ."

"ನೀವೇ ಸಹಿ ಹಾಕಿದ್ರಲ್ಲಕ್ಕ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಸಹಿ ಹಾಕಿದ್ದು ನಿಜ. ಆದರೆ ಅದು ಡಾಕ್ಟರ್ ಹತ್ತಿರ ತೋರಿಸಿಕೊಂಡು, ಬಸ್ಸಿನ ಗಡಿಬಿಡಿಯಲ್ಲಿ ಹಾಕಿದ ಸಹಿ. ಚಿತ್ರ ಹಾಕೋಕೆ ಕೇಳ್ತಿದ್ದಾರೆ ಅಂತ ಅವರು ತಿಳಿದಿದ್ದರು. ನಾನು ಅದರೊಳಗೇ ಕಾಯಿಲೆಯನ್ನೂ ಸೇರಿಸಿಬಿಟ್ಟಿದ್ದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಡಿಜಿಟಲ್ ರೂಪದಲ್ಲಿ ಇಟ್ಟ ಮಾಹಿತಿಯೂ ಗುಟ್ಟಾಗಿರಬೇಕು. ಇದನ್ನು ನಾನು ಓದಿದ್ದು ಅಕ್ಕನ ಫೋನ್ ಬಂದ ಮೇಲೆ. ನಾಚಿಕೆಯಾಗುತ್ತೆ ಹೇಳೋಕೆ.

ಕಾಯಿಲೆಯ ಸಾಲುಗಳನ್ನು ಹತ್ತು ನಿಮಿಷದಲ್ಲಿ ತೆಗೆದೆ. ಸ್ಕ್ರೀನ್‌ಶಾಟ್‌ಗಳನ್ನು ತೆಗೆಯೋಕೆ ಆಗಲ್ಲ, ಅಲ್ವಾ.

ಈಗ ಎರಡು ಪ್ರಶ್ನೆ, ಎರಡು ಬೇರೆ ದಿನ. ಚಿತ್ರ ಹಾಕಬಹುದಾ ಅಂತ ಒಂದು ದಿನ, ನಿಮ್ಮ ಬಗ್ಗೆ ಏನು ಹೇಳಬೇಕು ಅಂತ ಇನ್ನೊಂದು ದಿನ. ಆಮೇಲೆ ಪ್ರದರ್ಶನ ತೆರೆಯುವ ಹಿಂದಿನ ಸಂಜೆ ಬರೆದದ್ದನ್ನು ಫೋನಿನಲ್ಲಿ ಓದಿ ಹೇಳುತ್ತೇನೆ. ಬೇಡ ಅಂದರೆ ಬೇಡ, ಕಾರಣ ಕೇಳಲ್ಲ.

ಹಾಗಂತ ಕಾಯಿಲೆ ಮಾತೇ ಎತ್ತಬಾರದು ಅಂತಲೂ ಅಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ, ಬಾಲ್‌ಪೆನ್ನಿನಲ್ಲಿ ಅಡಿಕೆ ತೋಟ ಬರೆಯುತ್ತಾನೆ. ಮರಗಳೆಲ್ಲ ಮನುಷ್ಯರ ಹಾಗೆ ಬಗ್ಗಿ ನೋಡುತ್ತಿರುತ್ತವೆ. ಅವನಿಗೆ ಬೈಪೋಲಾರ್ ಕಾಯಿಲೆ, ಮನಸ್ಸು ಕೆಲವು ಕಾಲ ವಿಪರೀತ ಉತ್ಸಾಹಕ್ಕೆ ಏರಿ, ಕೆಲವು ಕಾಲ ಪೂರ್ತಿ ಕುಗ್ಗಿಹೋಗುತ್ತೆ. "ಕಾಯಿಲೆ ಹೆಸರು ಹಾಕಿ ಸಾರ್, ಅದು ಬಿಟ್ರೆ ಚಿತ್ರ ಅರ್ಧ" ಅಂತ ಹಟ ಹಿಡಿದ. ಹಾಕಿದೆವು. ಅವನ ವಿಷಯದಲ್ಲಿ ನಾವು ಎಡವಿದ್ದು ಬೇರೆ ಕಡೆ. ಚಿತ್ರದ ಕೆಳಗೆ ಎಷ್ಟು ಜನ ನೋಡಿದರು ಅನ್ನೋ ಲೆಕ್ಕ ಕಾಣುತ್ತಿತ್ತು. ಎರಡು ರಾತ್ರಿ ನಿದ್ದೆ ಬಿಟ್ಟು ಆ ಅಂಕಿಯನ್ನೇ ನೋಡುತ್ತಾ ಕೂತಿದ್ದ. ಅವನಂಥವರಿಗೆ ನಿದ್ದೆ ಕೆಟ್ಟರೆ ಕಾಯಿಲೆ ಕೆರಳಬಹುದು. ಅವನ ಅಮ್ಮ ಫೋನ್ ಮಾಡಿ "ಅದೇನೋ ನಂಬರ್ ತೆಗೀರಿ ಮಾರಾಯ್ರೆ" ಅಂದರು. ಎಲ್ಲರ ಚಿತ್ರದ ಕೆಳಗಿನಿಂದಲೂ ತೆಗೆದೆವು. ಕಾಮೆಂಟ್‌ಗಳನ್ನು ಈಗ ಮೊದಲು ನಾವು ಓದುತ್ತೇವೆ, ಆಮೇಲೆ ಕಲಾವಿದರಿಗೆ ಕಳಿಸುತ್ತೇವೆ. ಪುಟದ ಕೊನೆಗೆ 14416 ಹಾಕಿದ್ದೇವೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಕೇಂದ್ರ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಅಕ್ಕನ ಮನೆಗೆ ಮತ್ತೆ ಹೋದೆ. ಮೊದಲ ಫೋಟೊ ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದು. ಅದನ್ನು ನೋಡಿ "ಇದು ನಮ್ಮ ಕೆಮ್ಮಣ್ಣಲ್ಲ" ಅಂದರು. ಹೌದು, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹಲಗೆಯನ್ನು ಜಗಲಿಗೆ ತಂದೆವು. ಮೋಡದ ಬೆಳಕು, ನೆರಳೇ ಬೀಳಲ್ಲ, ಫೋಟೊಗೆ ಅದಕ್ಕಿಂತ ಒಳ್ಳೆಯದಿಲ್ಲ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದು ಬಿಳಿಯಾಗೇ ಕಾಣುವವರೆಗೆ ಮೊಬೈಲ್ ಸರಿ ಮಾಡಿದೆ. ಅಕ್ಕ ಫೋನ್ ಇಸಕೊಂಡು ಹಲಗೆ ಪಕ್ಕ ಹಿಡಿದು ನೋಡಿದರು. ಮತ್ತೆ ನೋಡಿದರು. "ಹ್ಞಾಂ, ಈಗ ನಂದು."

ಏನು ಬರೆಯಲಿ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹೇಳಿದ್ದನ್ನು ಹಾಗೇ ಬರೆದುಕೊಂಡೆ: "ಕೆಮ್ಮಣ್ಣು, ಅಕ್ಕಿ. ಮೂರು ದಿನ ಹಿಡೀತು. ಒಂದು ಕಡೆ ಎಳೆ ತಪ್ಪಿದೆ, ಹಂಗೇ ಬಿಟ್ಟಿದೀನಿ."

ಈಗ ಬರುವ ಕಾಮೆಂಟ್‌ಗಳಲ್ಲಿ ಜಾಸ್ತಿ ಆ ಎಳೆಯದ್ದೇ. ಮೇಲೆ ಎಡಗಡೆ ಅಂತ ಒಬ್ಬರು, ಇಲ್ಲ ದಂಡೆ ಹತ್ತಿರ ಅಂತ ಇನ್ನೊಬ್ಬರು. ಅಕ್ಕನಿಗೆ ಎಲ್ಲ ಓದಿ ಹೇಳುತ್ತೇನೆ, ನಗುತ್ತಾರೆ, ಎಲ್ಲಿ ಅಂತ ಮಾತ್ರ ಹೇಳಲ್ಲ. ನಾನೂ ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಸಿಕ್ಕಿಲ್ಲ.