ಸಮುದ್ರಕ್ಕೆ ಇಳಿಯುವ ಮುಂಚೆ: ವಿಜಯಪುರದಿಂದ ಬಾದಾಮಿಗೆ ಸೆಕ್ಸ್‌ಟೆಂಟ್ ಹಿಡಿದು

ಸೆಕ್ಸ್‌ಟೆಂಟ್ (ಸೂರ್ಯ, ನಕ್ಷತ್ರಗಳ ಎತ್ತರವನ್ನು ಕೋನದಲ್ಲಿ ಅಳೆಯುವ ನಾವಿಕರ ಸಾಧನ) ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರು, ಯಾವತ್ತಾದರೂ ಹಾಯಿದೋಣಿ ಕಲಿಯಬೇಕು ಅಂತಿರುವವರು, ಮೊದಲೇ ಗೋವಾ ಬಸ್ಸು ಹತ್ತಬೇಡಿ. ವಿಜಯಪುರಕ್ಕೆ ಬನ್ನಿ. ನಗಬೇಡಿ, ನಕ್ಷೆ ನೋಡಿ. ವಿಜಯಪುರದ ಅಕ್ಷಾಂಶ 16 ಡಿಗ್ರಿ 50 ಮಿನಿಟು (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಮಿನಿಟು), ಬಾದಾಮಿಯದು 15 ಡಿಗ್ರಿ 55 ಮಿನಿಟು. ರೇಖಾಂಶ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಂದರೆ ಇದು ಉತ್ತರದಿಂದ ನೆಟ್ಟಗೆ ದಕ್ಷಿಣಕ್ಕೆ ಇಳಿಯುವ ದಾರಿ. ಅಕ್ಷಾಂಶದ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲು, 1,852 ಮೀಟರ್. ಚಳಿಗಾಲದಲ್ಲಿ ದಕ್ಷಿಣಕ್ಕೆ ಎಷ್ಟು ಇಳಿಯುತ್ತೀರೋ ಮಧ್ಯಾಹ್ನದ ಸೂರ್ಯ ಅಷ್ಟೇ ಮೇಲೆ ಕಾಣುತ್ತಾನೆ, ಹಾಗಾಗಿ ಶನಿವಾರ ಮಧ್ಯಾಹ್ನ ವಿಜಯಪುರದಲ್ಲಿ ಸೂರ್ಯನ ಎತ್ತರ ಅಳೆದು, ಭಾನುವಾರ ಮಧ್ಯಾಹ್ನ ಬಾದಾಮಿಯಲ್ಲಿ ಅಳೆದರೆ 55 ಮಿನಿಟಿನ ವ್ಯತ್ಯಾಸ ಸಿಗಬೇಕು. ಸಿಕ್ಕಿತೋ ಇಲ್ಲವೋ ಅನ್ನುವುದೇ ಪರೀಕ್ಷೆ.

ತಿಂಗಳು ಮುಖ್ಯ. ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರದೊಳಗೆ ಮುಗಿಸಿ. ನೆಲದ ಮೇಲೆ ಸಮುದ್ರದ ಕ್ಷಿತಿಜ ಇರುವುದಿಲ್ಲ ಅಲ್ವಾ, ಅದಕ್ಕೆ ತಾಟಿನಲ್ಲಿ ಎಣ್ಣೆ ಹಾಕಿ, ಅದರಲ್ಲಿ ಕಾಣುವ ಸೂರ್ಯನಿಗೂ ಮೇಲಿನ ಸೂರ್ಯನಿಗೂ ನಡುವಿನ ಕೋನ ಅಳೆಯಬೇಕು. ಅದು ನಿಜವಾದ ಎತ್ತರದ ಎರಡರಷ್ಟು ಬರುತ್ತದೆ. ಬಹಳಷ್ಟು ಸೆಕ್ಸ್‌ಟೆಂಟ್‌ಗಳು 120 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತವೆ, ಹಾಗಾಗಿ ಸೂರ್ಯ 60 ಡಿಗ್ರಿಗಿಂತ ಮೇಲೇರಿದರೆ ಆಟ ಮುಗಿಯಿತು. ಮೇ ಎರಡನೇ ವಾರದ ಹೊತ್ತಿಗೆ ಇಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಆಗ ಬಂದು ಏನೂ ಉಪಯೋಗವಿಲ್ಲ. ಸಾಧ್ಯವಾದರೆ ಡಿಸೆಂಬರ್ 22ರ ಹಿಂದೆ ಮುಂದೆ ಬನ್ನಿ. ಆ ದಿನಗಳಲ್ಲಿ ಸೂರ್ಯನ ಡಿಕ್ಲಿನೇಶನ್ (ಭೂಮಧ್ಯರೇಖೆಯಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಕೋನ) ಬದಲಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಆದ್ದರಿಂದ ಎರಡು ದಿನದ ಅಳತೆಯನ್ನು ಸುಮ್ನೆ ಕಳೆದುಬಿಟ್ಟರೂ ಉತ್ತರ ಸರಿ ಬರುತ್ತದೆ.

ಎಣ್ಣೆಗೆ ಗ್ಯಾರೇಜಿನಲ್ಲಿ ಹಳೆಯ ಇಂಜಿನ್ ಆಯಿಲ್ ಕೇಳಿ. ಕರ್ರಗೆ ಇರುವುದರಿಂದ ತಾಟಿನ ತಳ ಹೊಳೆಯುವುದಿಲ್ಲ, ಪ್ರತಿಬಿಂಬ ಸ್ವಚ್ಛವಾಗಿ ಬರುತ್ತದೆ. ಹಿಂದಿನವರು ಪಾದರಸ ಬಳಸುತ್ತಿದ್ದರು. ಅದು ವಿಷ, ಆ ಉಸಾಬರಿಯೇ ಬೇಡ. ಗಾಳಿ ದೊಡ್ಡ ಶತ್ರು, ಹೊಲದ ಬದುವಿನ ಮರೆಯಲ್ಲಿ ಇಟ್ಟುಕೊಳ್ಳಿ. ಹೆದ್ದಾರಿಯಿಂದ ದೂರ ಇರಿ, ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋದರೂ ಎಣ್ಣೆ ನಡುಗುತ್ತದೆ.

ಮಧ್ಯಾಹ್ನ ಅಂದರೆ ಹನ್ನೆರಡು ಗಂಟೆ ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ವಿಜಯಪುರ ಅಲ್ಲಿಂದ ಸುಮಾರು 6.8 ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷ ತಡ. ಡಿಸೆಂಬರ್ 25ರ ಸುಮಾರಿಗೆ ಸೂರ್ಯ 12:27ಕ್ಕೆ ತುದಿ ಮುಟ್ಟುತ್ತಾನೆ. ಜನವರಿ ಕೊನೆಗೆ ಅದು 12:40 ಆಗುತ್ತದೆ. ಅರ್ಧ ಗಂಟೆ ಮುಂಚೆಯೇ ಕೂತುಬಿಡಿ. ಸೆಕ್ಸ್‌ಟೆಂಟನ್ನು ಮೊದಲೇ 99 ಡಿಗ್ರಿಗೆ ಇಟ್ಟುಕೊಂಡು ತಾಟಿನಲ್ಲಿರುವ ಸೂರ್ಯನನ್ನು ನೋಡಿದರೆ, ಮೇಲಿನ ಸೂರ್ಯ ಪಕ್ಕದಲ್ಲೇ ಎಲ್ಲೋ ಸಿಗುತ್ತಾನೆ. ಎರಡೂ ಕಡೆಯ ಕಪ್ಪು ಗಾಜು ಹಾಕಲೇಬೇಕು, ಎಣ್ಣೆಯಲ್ಲಿ ಕಾಣುವ ಸೂರ್ಯನೂ ಕಣ್ಣು ಸುಡುತ್ತಾನೆ. ಒಂದು ಹಸಿರು, ಒಂದು ಕೆಂಪು ಗಾಜು ಇದ್ದರೆ ಯಾವುದು ಯಾವುದೆಂದು ಗೊಂದಲ ಆಗುವುದಿಲ್ಲ. ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಸ್ವಲ್ಪ ಹೊತ್ತಿಗೇ ಮತ್ತೆ ಬೇರೆ ಆಗುತ್ತವೆ, ಸ್ಕ್ರೂ ತಿರುಗಿಸಿ ಮತ್ತೆ ಕೂರಿಸಿ. ತುದಿ ಹತ್ತಿರ ಬಂದಂತೆ ಬೇರೆಯಾಗುವುದು ನಿಧಾನವಾಗುತ್ತದೆ, ಕೆಲವು ನಿಮಿಷ ಎರಡೂ ಅಂಟಿಕೊಂಡೇ ಇರುತ್ತವೆ, ಆಮೇಲೆ ಉಲ್ಟಾ ದಿಕ್ಕಿಗೆ ಸರಿಯಲು ಶುರು. ಅಂಟಿಕೊಂಡಿದ್ದಾಗಿನ ಅಂಕಿಯೇ ನಿಮಗೆ ಬೇಕಾದದ್ದು. ಮೊದಲು ಇಂಡೆಕ್ಸ್ ಎರರ್ (ಸೊನ್ನೆ ಇರಬೇಕಾದಲ್ಲೂ ಸೆಕ್ಸ್‌ಟೆಂಟ್ ತೋರಿಸುವ ತಪ್ಪು) ತೆಗೆಯಿರಿ, ಆಮೇಲೆ ಅರ್ಧ ಮಾಡಿ. ಈ ಕ್ರಮ ತಪ್ಪಬಾರದು. ವಾತಾವರಣದಲ್ಲಿ ಬೆಳಕು ಬಾಗುವುದಕ್ಕೆ ಇನ್ನೊಂದು 0.8 ಮಿನಿಟು ಕಳೆಯಿರಿ. ಡಿಸೆಂಬರ್ 22ರ ಸುಮಾರಿಗೆ ವಿಜಯಪುರದಲ್ಲಿ 49 ಡಿಗ್ರಿ 44 ಮಿನಿಟು, ಬಾದಾಮಿಯಲ್ಲಿ 50 ಡಿಗ್ರಿ 39 ಮಿನಿಟು ಬರಬೇಕು. ಪ್ಲಾಸ್ಟಿಕ್ ಸೆಕ್ಸ್‌ಟೆಂಟ್ ಬಿಸಿಲಿಗೆ ಹಿಗ್ಗುತ್ತದೆ, ಇಂಡೆಕ್ಸ್ ಎರರ್ ಪದೇ ಪದೇ ನೋಡುತ್ತಿರಿ. ಉತ್ತರ ಎರಡು ಮೂರು ಮೈಲಿನೊಳಗೆ ಬಂದರೆ ಸಾಕು, ಬೆನ್ನು ತಟ್ಟಿಕೊಳ್ಳಿ.

ಶನಿವಾರ ಸೂರ್ಯನನ್ನು ಅಳೆದ ಮೇಲೆ ಬೈಕಿನಲ್ಲಿ ಡೆಡ್ ರೆಕನಿಂಗ್, ಅಂದರೆ ಹೊತ್ತು, ದಿಕ್ಕು, ದೂರದ ಲೆಕ್ಕದಿಂದಲೇ ಎಲ್ಲಿದ್ದೇವೆಂದು ಗುರುತಿಸುವುದು. ರಾಷ್ಟ್ರೀಯ ಹೆದ್ದಾರಿ 52 ಹಿಡಿಯಿರಿ, ನಿಡಗುಂದಿ ಕಡೆಯ ಹೆದ್ದಾರಿ ಬೇಡ, ಅದು ಪೂರ್ವಕ್ಕೆ ಎಳೆದುಕೊಂಡು ಹೋಗುತ್ತದೆ. ಫೋನು ಚೀಲದೊಳಗೆ. ಹಿಂದೆ ಕೂತವರ ಕೈಯಲ್ಲಿ ಕಂಪಾಸ್, ಗಡಿಯಾರ, ನೋಟ್‌ಬುಕ್. ರಸ್ತೆ ತಿರುಗಿದಾಗಲೆಲ್ಲ ಹೊತ್ತು, ದಿಕ್ಕು, ಓಡಿದ ದೂರ ಬರೆದು, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋಗಬೇಕು. ಕಂಪಾಸನ್ನು ಗಾಡಿಯ ಮೇಲೆ ನಂಬಬೇಡಿ, ಕಬ್ಬಿಣಕ್ಕೆ ಮುಳ್ಳು ತಿರುಗಿಬಿಡುತ್ತದೆ. ಇಳಿದು ಹತ್ತು ಹೆಜ್ಜೆ ದೂರ ಹೋಗಿ ನೋಡಿ. ಓಡೋಮೀಟರನ್ನು ಮೊದಲು ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿಕೊಳ್ಳಿ. ಗದ್ದನಕೇರಿ ಕ್ರಾಸ್ ದಾಟಿ ಕೆರೂರು ಮುಟ್ಟುವಷ್ಟರಲ್ಲಿ ನಿಮ್ಮ ಚುಕ್ಕೆ ನಿಜವಾದ ಜಾಗದಿಂದ ಎಷ್ಟು ಸರಿದಿದೆ ಅಂತ ಗೊತ್ತಾಗುತ್ತದೆ. ಚಿಕ್ಕ ಚಿಕ್ಕ ತಿರುವುಗಳನ್ನು ಬರೆಯದೇ ಬಿಟ್ಟದ್ದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಸಮುದ್ರದಲ್ಲಿ ಇದಕ್ಕೆ ನೀರಿನ ಸೆಳೆತ, ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುವುದು ಎರಡೂ ಸೇರುತ್ತವೆ, ಅಲ್ಲಿ ಗಂಟೆ ಗಂಟೆಗೂ ತಪ್ಪು ಬೆಳೆಯುತ್ತದೆ. ಅದಕ್ಕೇ ಸೂರ್ಯ ಬೇಕು. ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತುವ 2022ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ನಮ್ಮ ನೌಕಾಪಡೆಯ ಮಾಜಿ ಅಧಿಕಾರಿ ಅಭಿಲಾಷ್ ಟಾಮಿ ಜಿಪಿಎಸ್ ಮುಟ್ಟದೆ ಭೂಮಿ ಸುತ್ತಿ ಎರಡನೆಯವರಾಗಿ ಬಂದದ್ದು ಈ ಲೆಕ್ಕದ ಮೇಲೆಯೇ.

ಕೊಲ್ಹಾರದಲ್ಲಿ ನಿಲ್ಲಿಸಿ, ಗಡಿಗೆ ಮೊಸರು ತಿನ್ನದೆ ಮುಂದೆ ಹೋಗುವುದು ಪಾಪ. ಅಲ್ಲಿಂದ ಕೊರ್ತಿ ಸೇತುವೆ. ಆಲಮಟ್ಟಿ ಹಿನ್ನೀರು ಎರಡೂ ಕಡೆ ಸಮುದ್ರದ ಹಾಗೆ ಹರಡಿರುತ್ತದೆ, ಅದನ್ನೇ ಕ್ಷಿತಿಜ ಮಾಡಿಕೊಳ್ಳೋಣ ಅನ್ನಿಸುತ್ತದೆ. ಬೇಡ. ಆಚೆ ಕಾಣುವುದು ದಂಡೆ, ಕ್ಷಿತಿಜ ಅಲ್ಲ. ಲೆಕ್ಕ ಪೂರಾ ಕೆಡುತ್ತದೆ.

ಇನ್ನೊಂದು ಮಾತು. ಈ ಭಾಗದಲ್ಲಿ ಹೊಲದಲ್ಲಿ ನಿಂತು ಯಂತ್ರದಲ್ಲಿ ಕಣ್ಣಿಟ್ಟರೆ ಜನ ಸೇರುತ್ತಾರೆ. "ಏನ್ರೀ ಸರ, ಮುಳುಗಡಿ ಸರ್ವೇ ಏನ್ರಿ?" ಅಂತ ಹಿರಿಯರೊಬ್ಬರು ಕೇಳಿದ್ದರು, ದನಿಯಲ್ಲಿ ನಗು ಇರಲಿಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆಯುತ್ತಿದೆ, ಹೊಲ ಹೋಗುತ್ತದೆ ಅನ್ನುವ ಭಯ ಸುಮ್ಮನೆ ಹುಟ್ಟಿದ್ದಲ್ಲ. "ಇಲ್ಲ ಕಾಕಾ, ಸೂರ್ಯನ್ನ ಅಳಿಯೋದು" ಅಂದು ಕಪ್ಪು ಗಾಜು ಹಾಕಿದ ಸೆಕ್ಸ್‌ಟೆಂಟನ್ನೇ ಅವರ ಕೈಗೆ ಕೊಟ್ಟೆವು. ಎರಡು ಸೂರ್ಯ ನೋಡಿ, ಹೊಲಕ್ಕೆ ಬರುತ್ತಿದ್ದ ಮೊಮ್ಮಗನನ್ನೂ ಕೂಗಿದರು. ಯಾರದೇ ಹೊಲ ಇರಲಿ, ಮೊದಲು ಕೇಳಿ, ಆಮೇಲೆ ತಾಟು ಇಡಿ.

ರಾತ್ರಿ ಬಾದಾಮಿಯಲ್ಲಿ ನಕ್ಷತ್ರ. ಧ್ರುವ ನಕ್ಷತ್ರ ಇಲ್ಲಿ 16 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ, ಮಂಕು ಬೇರೆ, ಎಣ್ಣೆಯಲ್ಲಿ ಹುಡುಕಿ ಹುಡುಕಿ ಸಾಕಾಗುತ್ತದೆ. ಬದಲಿಗೆ ಅಗಸ್ತ್ಯ ನಕ್ಷತ್ರ (ಕ್ಯಾನೋಪಸ್) ಹಿಡಿಯಿರಿ. ದಕ್ಷಿಣದಲ್ಲಿ ಸುಮಾರು 21 ಡಿಗ್ರಿ ಎತ್ತರ ಬರುತ್ತದೆ, ಇಪ್ಪತ್ತು ನಿಮಿಷದ ನಂತರ ಲುಬ್ಧಕ (ಸಿರಿಯಸ್) ದಕ್ಷಿಣದಲ್ಲೇ ಸುಮಾರು 57 ಡಿಗ್ರಿ ಎತ್ತರದಲ್ಲಿ ದಾಟುತ್ತದೆ, ಒಂದೇ ಕೂರಿಕೆಯಲ್ಲಿ ಎರಡು ಅಳತೆ. ಡಿಸೆಂಬರ್ ಕೊನೆಯಲ್ಲಿ ಇದು ನಡುರಾತ್ರಿ ಹನ್ನೆರಡೂವರೆ ದಾಟಿದ ಮೇಲಿನ ಕೆಲಸ, ಜನವರಿ ಕೊನೆಗೆ ಬಂದರೆ ಹತ್ತೂವರೆಗೇ ಮುಗಿಯುತ್ತದೆ. ಹೆಸರು ಕೂಡಿಬಂತು ಅಂತ ಅಗಸ್ತ್ಯ ತೀರ್ಥದ ದಂಡೆಗೆ ಹೋಗಬೇಡಿ, ಗುಹೆಗಳಿರುವ ಗುಡ್ಡ ದಕ್ಷಿಣಕ್ಕೇ ಅಡ್ಡ ನಿಂತಿದೆ. ಊರ ಹೊರಗೆ ಬಯಲಿಗೆ ಹೋಗಿ.

ಇಷ್ಟು ಕೈಗೆ ಹತ್ತಿದ ಮೇಲೆ ಕಾರವಾರದ ಕಡೆ ಹೊರಡಿ. ಅಲ್ಲಿ ತಾಟು ಬೇಕಿಲ್ಲ, ಕ್ಷಿತಿಜವೇ ಇದೆ, ಕೋನ ಅರ್ಧ ಮಾಡಬೇಕಿಲ್ಲ, ಆದರೆ ನಿಮ್ಮ ಕಣ್ಣಿನ ಎತ್ತರಕ್ಕೆ ತಕ್ಕ ಹಾಗೆ ಕಳೆಯಬೇಕು. ಎರಡು ಮೀಟರ್ ಎತ್ತರಕ್ಕೆ ಸುಮಾರು 2.5 ಮಿನಿಟು. ನಮ್ಮ ಕರಾವಳಿಯ ಮುಖ ಪಶ್ಚಿಮಕ್ಕೆ, ಚಳಿಗಾಲದ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ, ಅಂದರೆ ದಡದಲ್ಲಿ ನಿಂತರೆ ಅವನ ಕೆಳಗೆ ನೀರಿಗಿಂತ ನೆಲವೇ ಅಡ್ಡ ಬರಬಹುದು. ದಡದಿಂದ ಸಂಜೆಯ ಸೂರ್ಯನನ್ನು ಅಳೆಯಿರಿ, ಮಧ್ಯಾಹ್ನದ್ದನ್ನು ದೋಣಿಯಲ್ಲಿ ಒಳಕ್ಕೆ ಹೋದಾಗ. ಸಂಜೆಯ ಅಳತೆಗೆ ಗಡಿಯಾರ ಸೆಕೆಂಡು ಬಿಡದೆ ಸರಿ ಇರಬೇಕು, ನಾಲ್ಕು ಸೆಕೆಂಡು ತಪ್ಪಿದರೆ ರೇಖಾಂಶ ಒಂದು ಮಿನಿಟು ಜಾರುತ್ತದೆ. ಬಸ್ಸಿನಲ್ಲಿ ಹೋಗುವವರು ಸೆಕ್ಸ್‌ಟೆಂಟ್ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಲು ಬಿಡಬೇಡಿ, ಕಂಡಕ್ಟರ್ ಎಷ್ಟೇ ಗೊಣಗಲಿ, ತೊಡೆಯ ಮೇಲೇ ಇರಲಿ.