ಮೇಚಕಲ್ಯಾಣಿ ಎಂದರೆ 65

ನಮ್ಮ ಸಂಗೀತದ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಚಾಮರಾಜಪೇಟೆಯ ನಮ್ಮ ಶಾಲೆಯಲ್ಲಿ ಕಲಿತ ಬೀಜಗಣಿತ, ರಸಾಯನಶಾಸ್ತ್ರಗಳೆಲ್ಲ ಎಂದೋ ಮರೆತುಹೋಗಿವೆ. ಮೇಷ್ಟ್ರು ಹೇಳಿಕೊಟ್ಟದ್ದರಲ್ಲಿ ಮಾತ್ರ ಒಂದಕ್ಷರವೂ ಅಳಿಸಿಲ್ಲ.

ಅವರ ಪಾಠ ಪ್ರಶ್ನೆಯಿಂದಲೇ ಶುರುವಾಗುತ್ತಿತ್ತು. "ಮೊದಲ ಪಾಠವಾದ ಸರಳೆ ವರಸೆಗೆ ಮಾಯಾಮಾಳವಗೌಳ ರಾಗವೇ ಏಕೆ, ಹೇಳಿ ನೋಡೋಣ." ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದರೆ ಹಾರ್ಮೋನಿಯಂ ಎಳೆದುಕೊಂಡು ಸ ರಿ ಗ ಮ ನುಡಿಸುವರು, ತಡೆದು ಪ ದ ನಿ ಸ ನುಡಿಸುವರು. "ಕೇಳಿಸಿತೇ? ಎರಡು ತುಂಡಿನಲ್ಲೂ ಸ್ವರಗಳ ಅಂತರ ಒಂದೇ. ಕೆಳಗಿನ ಅರ್ಧ ಗಂಟಲಿಗೆ ಹಿಡಿಸಿದರೆ ಮೇಲಿನ ಅರ್ಧ ತಾನಾಗಿ ಬರುತ್ತದೆ. ಈ ಪಾಠ ಕಟ್ಟಿದ ಪುರಂದರದಾಸರು ಮಕ್ಕಳ ಗಂಟಲನ್ನು ಬಲ್ಲವರು."

ಸಾಮಗಾನ, ಭರತನ ನಾಟ್ಯಶಾಸ್ತ್ರ, ಮತಂಗನ ಬೃಹದ್ದೇಶಿಗಳನ್ನು ಒಂದೆರಡು ಪಾಠಗಳಲ್ಲೇ ದಾಟಿಸಿಬಿಡುತ್ತಿದ್ದರು. ಅವರ ಮನಸ್ಸು ನಿಲ್ಲುತ್ತಿದ್ದುದು ವಿಜಯನಗರದಲ್ಲಿ. 1564ರಲ್ಲಿ ದಾಸರು ಹೋದರು, ಮರುವರ್ಷವೇ ರಕ್ಕಸತಂಗಡಿ ಯುದ್ಧ. ಆಸರೆ ತಪ್ಪಿದ ಸಂಗೀತ ತಂಜಾವೂರಿನಲ್ಲಿ ನೆಲೆ ಕಂಡಿತು. ಅಲ್ಲಿ ನಾಯಕ ಅರಸರ ಮಂತ್ರಿ, ಕನ್ನಡ ಮೂಲದ ಗೋವಿಂದ ದೀಕ್ಷಿತರು. ಅವರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ಚತುರ್ದಂಡೀಪ್ರಕಾಶಿಕೆ ಬರೆದು 72 ಮೇಳಗಳ, ಎಂದರೆ ಮೂಲರಾಗಗಳ, ಲೆಕ್ಕ ಕಟ್ಟಿದರು. "ಆಗ ಬಳಕೆಯಲ್ಲಿದ್ದವು 19 ಮಾತ್ರ. ಮಿಕ್ಕವು ಮುಂದೆ ಬರುವವರಿಗೆಂದು ಕಟ್ಟಿಟ್ಟ ಖಾಲಿ ಮನೆಗಳು. ಕೀರವಾಣಿ, ಚಾರುಕೇಶಿಗಳಲ್ಲಿ ತ್ಯಾಗರಾಜರು ಸಂಸಾರ ಹೂಡಿದರು," ಎನ್ನುವರು. ಆ ತ್ಯಾಗರಾಜರಿಗೆ ತಿರುವೈಯಾರಿನಲ್ಲಿ ಸ್ವಂತ ದುಡಿಮೆಯ ಹಣ ಹಾಕಿ ಗುಡಿ ಕಟ್ಟಿಸಿದವರು ಗಾಯಕಿ, ನಮ್ಮ ಬೆಂಗಳೂರು ನಾಗರತ್ನಮ್ಮ ಎಂದು ಹೇಳುವಾಗ ಅವರ ದನಿ ಪ್ರತಿಸಲವೂ ಗದ್ಗದವಾಗುತ್ತಿತ್ತು.

ಮೇಳದ ಹೆಸರಿನ ಮೊದಲೆರಡು ಅಕ್ಷರಗಳಿಂದ ಅದರ ಕ್ರಮಸಂಖ್ಯೆ ತೆಗೆಯುವ ಕಟಪಯಾದಿ ಸೂತ್ರವನ್ನೂ ಅವರೇ ಕಲಿಸಿದ್ದು. ಮೇ ಎಂದರೆ ಐದು, ಚ ಎಂದರೆ ಆರು. ತಿರುಗಿಸಿ ಓದಿದರೆ ಮೇಚಕಲ್ಯಾಣಿ 65. ಈ ವಿದ್ಯೆ ಗಣಿತದ ಕಿರುಪರೀಕ್ಷೆಯಲ್ಲಿ ನಮ್ಮ ಕೈ ಹಿಡಿಯಿತು. ಮುಂದಿನ ಬೆಂಚಿನ ಗೆಳೆಯ ಬೇಗ ಲೆಕ್ಕ ಮುಗಿಸಿ, ರಾಗಗಳ ಹೆಸರನ್ನು ಅಭ್ಯಾಸಬಲದಿಂದೆಂಬಂತೆ ಗುನುಗುವನು. "ಮೇಚಕಲ್ಯಾಣಿ" ಎಂದರೆ ಹಿಂದಿನವರೆಲ್ಲ 65 ಬರೆದೆವು. "ಖರಹರಪ್ರಿಯ" ಎಂದರೆ 22. ಗಣಿತದ ಮೇಷ್ಟ್ರು ಹುಡುಗನ ಸಂಗೀತಪ್ರೇಮಕ್ಕೆ ತಲೆದೂಗುತ್ತಿದ್ದರು. ಮೂರನೆಯದಕ್ಕೆ "ಧೀರಶಂಕರಾಭರಣ" ಎನ್ನುವ ಹೊತ್ತಿಗೆ ಸಂಗೀತದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. "ಸ್ವಾಮಿ, ಮೂರನೆಯ ಲೆಕ್ಕದ ಉತ್ತರ 29 ತಾನೆ?" ಎಂದು ಕೇಳಿದರು.

ಅಂದು ಸಂಜೆ ಅಷ್ಟೂ ಹುಡುಗರು ಕುಳಿತು 72 ಮೇಳಗಳನ್ನು ಸ್ವರಸಮೇತ ಬರೆಯಬೇಕಾಯಿತು. ಮೇಷ್ಟ್ರು ಜೊತೆಯಲ್ಲೇ ಕುಳಿತಿದ್ದು, ಕತ್ತಲಾದ ಮೇಲೆ ಎಲ್ಲರಿಗೂ ದೋಸೆ ಕೊಡಿಸಿ ಮನೆಗೆ ಕಳುಹಿಸಿದರು. ಆ ಪಟ್ಟಿ ನನಗೆ ಇಂದಿಗೂ ಬಾಯಿಪಾಠ. ರಾಮನವಮಿಯ ದಿನಗಳಲ್ಲಿ ಕೋಟೆ ಪ್ರೌಢಶಾಲೆಯ ಮೈದಾನದ ಕಚೇರಿಗಳಿಗೆ ಕರೆದೊಯ್ದು, ಕೇಳಿದ ರಾಗ, ತಾಳಗಳನ್ನು ಚೀಟಿಯಲ್ಲಿ ಬರೆಸುತ್ತಿದ್ದವರೂ ಅವರೇ. ಈಗ ಚೌಡಯ್ಯ ಸ್ಮಾರಕ ಭವನದಲ್ಲಿ ಆಲಾಪನೆ ಶುರುವಾದರೆ ಅಕ್ಕಪಕ್ಕದವರು ನನ್ನತ್ತ ವಾಲುತ್ತಾರೆ. ಪಿಟೀಲಿನವರು ಕಮಾನು ಎತ್ತುವ ಮೊದಲೇ ನಾನು ರಾಗ ಹೇಳಿರುತ್ತೇನೆ.

ನನ್ನ ಮೊಮ್ಮಗನ ಬಳಿ ಕೀಬೋರ್ಡ್ ಪರೀಕ್ಷೆಯ ಪ್ರಮಾಣಪತ್ರಗಳಿವೆ. ಚೆನ್ನಾಗಿಯೇ ನುಡಿಸುತ್ತಾನೆ. ಆದರೆ ತಾನು ನುಡಿಸುವುದು ಎಲ್ಲಿಂದ ಬಂತು, ಯಾರು ಜೋಡಿಸಿದರು ಎಂದು ಅವನನ್ನು ಯಾರೂ ಕೇಳಿಲ್ಲ. ಅವನ ಶಾಲೆಯಲ್ಲಿ ಸಂಗೀತದ ಅವಧಿ ಬಂದರೆ ಗಣಿತದವರು ಎರವಲು ಪಡೆಯುತ್ತಾರೆ; ವಾರ್ಷಿಕೋತ್ಸವಕ್ಕೆ ಧ್ವನಿವರ್ಧಕದ ಹಾಡು ಸಾಕು. ಇದು ನನಗೆ ಸಂಕಟದ ಸಂಗತಿ.

ನಮ್ಮ ಶಾಲೆಯ ಈಗಿನ ಮುಖ್ಯೋಪಾಧ್ಯಾಯರಲ್ಲಿ ಒಂದು ಬಿನ್ನಹ. ಶನಿವಾರದ ಒಂದು ಅವಧಿಯನ್ನು ಸಂಗೀತದ ಚರಿತ್ರೆಗೆ ಬಿಟ್ಟುಕೊಡಿ. ಸಂಬಳವಿಲ್ಲದೆ ನಾನೇ ಬಂದು ಕಲಿಸುತ್ತೇನೆ, ಶ್ರುತಿಪೆಟ್ಟಿಗೆಯನ್ನೂ ತರುತ್ತೇನೆ. ಕರಿಹಲಗೆಯೊಂದು ಇದ್ದರೆ ಆಯಿತು.